ಬೈಪಾಸ್: ಯಂತ್ರವಿಟ್ಟು ಮಾಡಿದರೆ ಒಳ್ಳೆಯದೋ, ಇಲ್ಲದೆ ಮಾಡಿದರೆ ಒಳ್ಳೆಯದೋ?

ಆನೈಮಲೈ, ಪೊಳ್ಳಾಚಿ ಕಡೆಯ ಹಳ್ಳಿಗಳವರಿಗೆ ಹೃದಯದ ದೊಡ್ಡ ಚಿಕಿತ್ಸೆ ಎಂದರೆ ಕೊಯಮತ್ತೂರು. ಆಂಜಿಯೋಗ್ರಾಂ ಮುಗಿದು 'ಬೈಪಾಸ್ ಆಗಬೇಕು' ಎಂದು ವೈದ್ಯರು ಹೇಳಿದ ಮೇಲೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ: 'ಈಗ ಹೃದಯ ನಿಲ್ಲಿಸದೆಯೇ ಮಾಡುತ್ತಾರಂತೆ, ಅದೇ ಒಳ್ಳೆಯದಂತೆ.' ಇದು ಎಷ್ಟು ನಿಜ?

ಬೈಪಾಸ್ ಎಂದರೇನು?

ಪರಂಬಿಕುಳಂ-ಆಳಿಯಾರ್ ಕಾಲುವೆ ಒಂದು ಕಡೆ ಕಟ್ಟಿಕೊಂಡರೆ ಪಕ್ಕದಿಂದ ಬೇರೆ ಕಾಲುವೆ ತೆಗೆದು ತೋಟಕ್ಕೆ ನೀರು ಹಾಯಿಸಬಹುದಲ್ಲವೇ? ಇದೂ ಹಾಗೆಯೇ. ಕಾಲಿನಿಂದಲೋ ಎದೆಗೂಡಿನ ಒಳಗಿನಿಂದಲೋ ರಕ್ತನಾಳ ತೆಗೆದು, ಅಡಚಣೆ ಇರುವ ಜಾಗದ ಆಚೆಗೆ ಹೊಲಿಯುತ್ತಾರೆ. ಭಾರತದಲ್ಲಿ ಮೊದಲ ಬೈಪಾಸ್ ಆದದ್ದು ತಮಿಳುನಾಡಿನಲ್ಲೇ. 1975ರಲ್ಲಿ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಮಾಡಿದರು.

ಯಂತ್ರದೊಂದಿಗೆ

ಹೊಲಿಗೆ ಹಾಕುವಷ್ಟು ಹೊತ್ತು ಹೃದಯವನ್ನು ಔಷಧಿಯಿಂದ ನಿಲ್ಲಿಸುತ್ತಾರೆ. ಆಗ ಹೃದಯ-ಶ್ವಾಸಕೋಶ ಯಂತ್ರ ರಕ್ತಕ್ಕೆ ಆಮ್ಲಜನಕ ಸೇರಿಸಿ ಮೈಗೆಲ್ಲ ಕಳಿಸುತ್ತದೆ. 1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಇದನ್ನು ಮೊದಲ ಸಲ ಯಶಸ್ವಿಯಾಗಿ ಬಳಸಿದರು. ಹೃದಯ ಅಲುಗಾಡದ ಕಾರಣ ಹೊಲಿಗೆ ಅಚ್ಚುಕಟ್ಟಾಗಿ ಬೀಳುತ್ತದೆ. ಆದರೆ ರಕ್ತ ಕೊಳವೆಗಳಲ್ಲಿ ಹರಿದು ಬರುವುದರಿಂದ ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಸ್ವಲ್ಪ ಹೆಚ್ಚು.

ಯಂತ್ರವಿಲ್ಲದೆ

ಹೃದಯ ಬಡಿಯುತ್ತಲೇ ಇರುತ್ತದೆ. ಹೊಲಿಯುವ ಜಾಗವನ್ನು ಮಾತ್ರ ಒಂದು ಸಾಧನದಿಂದ ಅಲುಗದಂತೆ ಹಿಡಿಯುತ್ತಾರೆ. ಇದಕ್ಕೆ ಕೈ ಪಳಗಿರಬೇಕು. ನಡುವೆ ರಕ್ತದೊತ್ತಡ ಕುಸಿದರೆ ಯಂತ್ರಕ್ಕೇ ಹೋಗಬೇಕಾಗುತ್ತದೆ.

ಅಧ್ಯಯನ ಹೇಳುವುದೇನು?

ಭಾರತವೂ ಸೇರಿ 19 ದೇಶಗಳ 4,752 ರೋಗಿಗಳ ಮೇಲೆ 'ಕೊರೊನರಿ' ಎಂಬ ಅಧ್ಯಯನ ನಡೆಯಿತು. ಇದರಲ್ಲಿದ್ದವರೆಲ್ಲ ಅನುಭವಿ ಶಸ್ತ್ರಚಿಕಿತ್ಸಕರು. ಯಂತ್ರವಿಲ್ಲದವರಿಗೆ ರಕ್ತ ಕೊಡಬೇಕಾದದ್ದು ಕಡಿಮೆ. ಆದರೆ ಮೊದಲ ತಿಂಗಳಲ್ಲೇ ಮತ್ತೆ ರಕ್ತನಾಳದ ಚಿಕಿತ್ಸೆ ಬೇಕಾದವರು ಅವರಲ್ಲೇ ಹೆಚ್ಚು. 2016ರಲ್ಲಿ ಬಂದ ಐದು ವರ್ಷದ ಫಲಿತಾಂಶದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಒಟ್ಟಾಗಿ ಯಂತ್ರವಿಲ್ಲದವರಲ್ಲಿ ಶೇ. 23.1, ಯಂತ್ರವಿದ್ದವರಲ್ಲಿ ಶೇ. 23.6. ಅಂದರೆ ಹೆಚ್ಚುಕಡಿಮೆ ಸಮ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2,203 ಜನರ ಮೇಲೆ ನಡೆದ ಅಧ್ಯಯನದ ಕಥೆ ಬೇರೆ. ಐದು ವರ್ಷದಲ್ಲಿ ಸತ್ತವರು ಯಂತ್ರವಿಲ್ಲದವರಲ್ಲಿ ಶೇ. 15.2, ಯಂತ್ರವಿದ್ದವರಲ್ಲಿ ಶೇ. 11.9. ಅಲ್ಲಿ ಶಸ್ತ್ರಚಿಕಿತ್ಸಕರ ಅನುಭವ ಸಾಲದಾಗಿತ್ತು ಎಂಬ ಟೀಕೆ ಬಂತು. ಹಾಗಾಗಿ ಯಂತ್ರಕ್ಕಿಂತ ಕೈಚಳಕವೇ ಮುಖ್ಯ ಎನ್ನಬಹುದು.

ಯಾರಿಗೆ ಯಾವುದು?

ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದ್ದರೆ, ಅದನ್ನು ಮುಟ್ಟದೆ ಯಂತ್ರವಿಲ್ಲದೆ ಮಾಡುವುದು ಪಾರ್ಶ್ವವಾಯುವಿನ ಅಪಾಯ ತಗ್ಗಿಸಬಹುದು. ರಕ್ತನಾಳಗಳು ತೀರಾ ಸಣ್ಣವಿದ್ದರೆ, ಕವಾಟದ ಕೆಲಸವೂ ಜೊತೆಗಿದ್ದರೆ ಯಂತ್ರ ಬೇಕು.

ವೈದ್ಯರನ್ನು ಕೇಳಿ

* ನೀವು ಯಾವ ವಿಧಾನದಲ್ಲಿ ಹೆಚ್ಚು ಮಾಡುತ್ತೀರಿ?
* ನಮ್ಮ ರೋಗಿಗೆ ಅದೇ ಏಕೆ?
* ನಡುವೆ ಯಂತ್ರ ಬೇಕಾದರೆ ಸಿದ್ಧವಿರುತ್ತದೆಯೇ?
* ಮುಖ್ಯಮಂತ್ರಿಗಳ ವಿಮಾ ಯೋಜನೆಯಲ್ಲಿ ಎಷ್ಟು ಸಿಗುತ್ತದೆ?

ತಮಿಳಿನಲ್ಲಿ ಕೇಳಿದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ, ಅರ್ಥವಾಗುವ ತನಕ ಕೇಳಿ, ಆಮೇಲೆ ಸಹಿ ಹಾಕಿ. ಯಾವ ವಿಧಾನದಲ್ಲಿ ಮಾಡಿದರೂ ಬೀಡಿ ಬಿಡಬೇಕು, ಮಾತ್ರೆ ತಪ್ಪಿಸಬಾರದು. ಹೊಸ ಕಾಲುವೆಯೂ ಕಟ್ಟಿಕೊಳ್ಳಬಹುದು.