ಅಡ್ಮಿಷನ್ ಕಚೇರಿ ಒಪ್ಪಿದರಷ್ಟೇ ಆಟಗಾರ

2025ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಫುಟ್ಬಾಲ್ ತಂಡಕ್ಕೆ ತವಿಟಾ ಪ್ರಿಚರ್ಡ್ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿತು. ಮುಖ್ಯ ಕೋಚ್ ಹೊಣೆ ಅವರಿಗೆ ಹೊಸದು. ಅದಕ್ಕೆ ಮೊದಲು ವಾಷಿಂಗ್ಟನ್ನಿನ ವೃತ್ತಿಪರ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ, ಅಂದರೆ ಚೆಂಡೆಸೆದು ದಾಳಿ ನಡೆಸುವ ಆಟಗಾರರಿಗೆ, ತರಬೇತಿ ಕೊಡುತ್ತಿದ್ದರು. ಹೆಸರಾಂತ ಕೋಚ್‌ಗಳಿಗಾಗಿ ಕಾಲೇಜುಗಳು ಡಾಲರ್ ಸುರಿಯುತ್ತಿರುವ ಈ ಕಾಲದಲ್ಲಿ ಇವರೇ ಏಕೆ? ಪ್ರಿಚರ್ಡ್ ಓದಿದ್ದು, ಆಡಿದ್ದು, ದಶಕಕ್ಕೂ ಹೆಚ್ಚು ಕಾಲ ಸಹಾಯಕರಾಗಿ ದುಡಿದದ್ದು ಎಲ್ಲವೂ ಸ್ಟ್ಯಾನ್‌ಫರ್ಡ್‌ನಲ್ಲೇ. ಆ ಕ್ಯಾಂಪಸ್ಸಿನ ಮಟ್ಟಿಗೆ ಇದು ಸಣ್ಣ ಅರ್ಹತೆಯಲ್ಲ.

ಇಲ್ಲಿ ಫುಟ್ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ. ಅಲ್ಲಿನ ಹಲವು ರಾಜ್ಯಗಳಲ್ಲಿ ಶನಿವಾರದ ಕಾಲೇಜು ಪಂದ್ಯಕ್ಕೆ ಎಂಬತ್ತು, ತೊಂಬತ್ತು ಸಾವಿರ ಜನ ಸೇರುತ್ತಾರೆ. ಆಡುವವರೆಲ್ಲ ವಿದ್ಯಾರ್ಥಿಗಳು. ಅವರನ್ನು ಆರಿಸಿ ಕರೆತರುವವನು ಕೋಚ್. ಹೈಸ್ಕೂಲು ಮೈದಾನಗಳನ್ನು ಸುತ್ತಿ, ಹುಡುಗರ ಮನೆಗೆ ಹೋಗಿ ತಂದೆತಾಯಿಯ ಎದುರು ಕೂತು ಒಪ್ಪಿಸುವುದು ಅವನ ಕೆಲಸದ ಅರ್ಧ ಭಾಗ.

ಸ್ಟ್ಯಾನ್‌ಫರ್ಡ್‌ನಲ್ಲಿ ಈ ಅರ್ಧವೇ ಕಠಿಣ. ಅರ್ಜಿ ಹಾಕುವ ನೂರು ಮಂದಿಯಲ್ಲಿ ಅಲ್ಲಿ ಸೀಟು ಸಿಗುವುದು ಸುಮಾರು ನಾಲ್ವರಿಗೆ. ಕ್ರೀಡಾಪಟುವಿನ ಅರ್ಜಿಯನ್ನೂ ಅಡ್ಮಿಷನ್ ಕಚೇರಿಯೇ ಓದಿ ತೀರ್ಮಾನಿಸುತ್ತದೆ. ಮೈದಾನದಲ್ಲಿ ಎಷ್ಟೇ ಚುರುಕಿರಲಿ, ಅಂಕ ಸಾಲದಿದ್ದರೆ ಕೋಚ್ ಆ ಹುಡುಗನನ್ನು ಮರೆಯಬೇಕು. ಬೇರೆ ಕಾಲೇಜಿನ ಕೋಚ್ ಸಾವಿರ ಹುಡುಗರ ಪಟ್ಟಿಯಿಂದ ಆರಿಸುವಾಗ ಇವನ ಕೈಯಲ್ಲಿರುವುದು ಅದರದೊಂದು ಚಿಕ್ಕ ಪಾಲು.

ಇದನ್ನು ಕೊರತೆ ಎಂದು ಅಳುತ್ತ ಕೂತ ಕೋಚ್‌ಗಳಿಗಿಂತ, ಇದನ್ನೇ ಹೇಳಿ ಹುಡುಗರನ್ನು ಸೆಳೆದವರು ಗೆದ್ದಿದ್ದಾರೆ. 2006ರಲ್ಲಿ ಸ್ಟ್ಯಾನ್‌ಫರ್ಡ್ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದಿತ್ತು. ಆ ಡಿಸೆಂಬರಿನಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಬಾಬ್ ಬೌಲ್ಸ್‌ಬಿ ಕರೆತಂದದ್ದು ಜಿಮ್ ಹಾರ್ಬಾ ಅವರನ್ನು. ವೃತ್ತಿಪರ ಲೀಗಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದರೂ, ಕೋಚ್ ಆಗಿ ಅವರು ಆಗ ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯದ ಪುಟ್ಟ ತಂಡವನ್ನು ನಡೆಸುತ್ತಿದ್ದರು. ಮರುವರ್ಷ ಅಕ್ಟೋಬರ್ 6ರಂದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎದುರು ಸ್ಟ್ಯಾನ್‌ಫರ್ಡ್ 41 ಅಂಕಗಳಿಂದ ಸೋಲುತ್ತದೆ ಎಂದು ಬಾಜಿ ಕಟ್ಟುವವರು ಲೆಕ್ಕ ಹಾಕಿದ್ದರು. ಸ್ಟ್ಯಾನ್‌ಫರ್ಡ್ 24-23ರಲ್ಲಿ ಗೆದ್ದಿತು. ಅಂದು ಕ್ವಾರ್ಟರ್‌ಬ್ಯಾಕ್ ಆಗಿ ಮೊದಲ ಬಾರಿ ಪಂದ್ಯ ಆರಂಭಿಸಿದ ಹುಡುಗನೇ ಈ ಪ್ರಿಚರ್ಡ್.

ಒಂದು ಪಂದ್ಯದಿಂದ ತಂಡ ಕಟ್ಟಿದಂತಾಗದು. ಆ ವರ್ಷ ನಾಲ್ಕು ಗೆಲುವು, ಮುಂದಿನ ವರ್ಷ ಐದು, ಆಮೇಲೆ ಎಂಟು, 2010ರಲ್ಲಿ ಹನ್ನೆರಡು. ಕೊನೆಯ ಎರಡು ವರ್ಷದ ಏರಿಕೆಯ ಹಿಂದೆ ಮುಖ್ಯವಾಗಿ ಇದ್ದವನು ಆಂಡ್ರ್ಯೂ ಲಕ್. ವಾಸ್ತುವಿನ್ಯಾಸ ಓದುತ್ತಲೇ ದೇಶದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನಾದ ಆತ, 2012ರಲ್ಲಿ ವೃತ್ತಿಪರ ಲೀಗಿನ ಮೊದಲ ಆಯ್ಕೆಯಾದ. ಓದು ಮತ್ತು ಆಟ ಎರಡನ್ನೂ ಒಂದೇ ಕಡೆ ಹುಡುಕುತ್ತಿದ್ದ ಹುಡುಗರಿಗೆ ಆತನ ಹೆಸರೊಂದೇ ಸಾಕಾಯಿತು.

2011ರಲ್ಲಿ ಹಾರ್ಬಾ ವೃತ್ತಿಪರ ತಂಡಕ್ಕೆ ಹೊರಟಾಗ ಸ್ಟ್ಯಾನ್‌ಫರ್ಡ್ ಹೊರಗೆ ಹುಡುಕಲಿಲ್ಲ. ತಾನೂ ಅಲ್ಲೇ ಆಡಿದ್ದ, ತಂದೆಯೂ ಅಲ್ಲಿ ಕೋಚ್ ಆಗಿದ್ದ ಡೇವಿಡ್ ಶಾ ಅವರನ್ನೇ ಕೂರಿಸಿತು. ಶಾ 96 ಪಂದ್ಯ ಗೆದ್ದರು, 2012, 2013 ಮತ್ತು 2015ರಲ್ಲಿ ಪ್ಯಾಸಿಫಿಕ್ ತೀರದ ಲೀಗಿನ ಚಾಂಪಿಯನ್ ಪಟ್ಟ ತಂದರು. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಇಷ್ಟು ಗೆಲುವು ಕಂಡ ಕೋಚ್ ಬೇರೊಬ್ಬರಿಲ್ಲ.

ಹೀಗಿದ್ದೂ ಕೊನೆಯ ಎರಡು ವರ್ಷ ಮೂರು ಮೂರೇ ಗೆಲುವು ಕಂಡು, 2022ರ ನವೆಂಬರಿನಲ್ಲಿ ಶಾ ತಾವಾಗಿಯೇ ಕೆಳಗಿಳಿದರು. ಅವರ ಬುದ್ಧಿ ಮಂಕಾಗಿರಲಿಲ್ಲ, ಬದಲಾದದ್ದು ಆಟದ ವ್ಯವಸ್ಥೆ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದಾಯಿತು, ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದಾಯಿತು. ಉಳಿದ ಕಾಲೇಜುಗಳು ಪ್ರತಿ ಚಳಿಗಾಲ ಇಪ್ಪತ್ತು, ಮೂವತ್ತು ಪಳಗಿದ ಆಟಗಾರರನ್ನು ಹೊರಗಿನಿಂದ ತಂದುಕೊಂಡವು. ನಡುವೆ ಬಂದು ಸೇರುವವರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಸೀಟುಗಳೇ ತೀರಾ ಕಡಿಮೆಯಿದ್ದವು. ಪದವಿ ಮುಗಿಸಿ ಇನ್ನೊಂದು ವರ್ಷ ಆಡಬಹುದಾದ ಸ್ವಂತ ಹುಡುಗರೂ ಅಲ್ಲಿಯೇ ಸ್ನಾತಕೋತ್ತರ ಸೀಟು ಸಿಗದೆ ಬೇರೆಡೆ ಹೊರಟರು. ಕೋಚ್ ಕಟ್ಟಿ ಬೆಳೆಸಿದ ತಂಡ ನಾಲ್ಕನೇ ವರ್ಷಕ್ಕೆ ಬೇರೆಯವರ ಪಾಲಾಗುತ್ತಿತ್ತು.

ಆಗ ಬಂದ ಟ್ರಾಯ್ ಟೇಲರ್ ಎರಡು ವರ್ಷದಲ್ಲಿ ಮೂರು ಮೂರು ಪಂದ್ಯ ಗೆದ್ದರು. ಸಿಬ್ಬಂದಿಯೊಂದಿಗಿನ ಅವರ ನಡವಳಿಕೆ ಕುರಿತ ತನಿಖೆಗಳ ಸುದ್ದಿ ಹೊರಬಿದ್ದ ಬಳಿಕ 2025ರ ಮಾರ್ಚಿನಲ್ಲಿ ಅವರನ್ನು ತೆಗೆಯಲಾಯಿತು. ಅಷ್ಟರಲ್ಲಿ ವಿಶ್ವವಿದ್ಯಾಲಯ ಒಂದು ಹೊಸ ಹೆಜ್ಜೆ ಇಟ್ಟಿತ್ತು. 2024ರ ನವೆಂಬರಿನಲ್ಲಿ ಆಂಡ್ರ್ಯೂ ಲಕ್ ಅವರನ್ನೇ ಫುಟ್ಬಾಲ್ ವಿಭಾಗದ ಜನರಲ್ ಮ್ಯಾನೇಜರ್ ಮಾಡಿತು. ವೃತ್ತಿಪರ ಆಟ ಬಿಟ್ಟ ಮೇಲೆ ಅದೇ ಕ್ಯಾಂಪಸ್ಸಿಗೆ ಮರಳಿ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದಿದ್ದವರು ಅವರು. ಒಂದು ಋತುವಿಗೆ ತಮ್ಮ ಹಳೆಯ ಕೋಚ್ ಫ್ರ್ಯಾಂಕ್ ರೈಕ್ ಅವರನ್ನು ಹಂಗಾಮಿಯಾಗಿ ಕರೆಸಿ, ಆಮೇಲೆ ಪ್ರಿಚರ್ಡ್ ಅವರನ್ನು ಆರಿಸಿದರು. ಕೋಚ್ ಹುಡುಕುವವರಿಗೇ ಆ ಜಾಗದ ಓದಿನ ಬಿಸಿ ಗೊತ್ತಿರಬೇಕು ಎಂಬ ಈ ನಿರ್ಧಾರ ಸರಿಯಾದದ್ದು.

ಇದರಿಂದ ಎಲ್ಲ ಸರಿಹೋಗುತ್ತದೆಯೇ? ಸ್ಟ್ಯಾನ್‌ಫರ್ಡ್‌ನಂತೆಯೇ ಓದಿಗೆ ಹೆಸರಾದ, ಟೆನೆಸಿಯ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲಬಾಮಾ, ಜಾರ್ಜಿಯಾದಂಥ ದೈತ್ಯರಿರುವ ಆಗ್ನೇಯದ ಲೀಗಿನಲ್ಲಿ ಅದೊಂದೇ ಖಾಸಗಿ ವಿಶ್ವವಿದ್ಯಾಲಯ. ಅಲ್ಲೇ ಆಡಿ ಬೆಳೆದ, ಅದೇ ಊರಿನ ಕ್ಲಾರ್ಕ್ ಲೀ ಅವರನ್ನು 2020ರ ಡಿಸೆಂಬರಿನಲ್ಲಿ ನೇಮಿಸಿತು. ಮೊದಲ ವರ್ಷ ಎರಡು ಗೆಲುವು, ಹತ್ತು ಸೋಲು. ಎರಡನೇ ವರ್ಷ ಐದು ಗೆಲುವು. ಮೂರನೇ ವರ್ಷ ಮತ್ತೆ ಎರಡಕ್ಕೆ ಹತ್ತು. ಬಹುತೇಕ ಕಾಲೇಜುಗಳಲ್ಲಿ ಇಷ್ಟಾದ ಮೇಲೆ ಕೋಚ್ ಗಂಟುಮೂಟೆ ಕಟ್ಟಬೇಕು. ವ್ಯಾಂಡರ್‌ಬಿಲ್ಟ್ ಅವರನ್ನು ಉಳಿಸಿಕೊಂಡಿತು. ನ್ಯೂ ಮೆಕ್ಸಿಕೋ ಸ್ಟೇಟ್‌ನಿಂದ ಡಿಯೇಗೋ ಪಾವಿಯಾ ಎಂಬ ಕ್ವಾರ್ಟರ್‌ಬ್ಯಾಕ್ ಬರಲು ಬಾಗಿಲನ್ನೂ ತೆರೆಯಿತು. 2024ರ ಅಕ್ಟೋಬರ್ 5ರಂದು ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದ ಅಲಬಾಮಾವನ್ನು ವ್ಯಾಂಡರ್‌ಬಿಲ್ಟ್ 40-35ರಲ್ಲಿ ಸೋಲಿಸಿತು. ಸಂಭ್ರಮದಲ್ಲಿ ವಿದ್ಯಾರ್ಥಿಗಳು ಗೋಲ್‌ಪೋಸ್ಟನ್ನೇ ಕಿತ್ತು, ಊರ ಬೀದಿಗಳಲ್ಲಿ ಹೊತ್ತು ನಡೆದು, ಕಂಬರ್‌ಲ್ಯಾಂಡ್ ನದಿಗೆ ಎಸೆದರು. ಮರುವರ್ಷ ತಂಡ ಹತ್ತು ಪಂದ್ಯ ಗೆದ್ದಿತು. ಅದಕ್ಕೂ ಮೊದಲು ಒಂದೇ ಋತುವಿನಲ್ಲಿ ಅಷ್ಟು ಗೆಲುವು ಅಲ್ಲಿ ಯಾರೂ ಕಂಡಿರಲಿಲ್ಲ.

ಪ್ರವೇಶದ ಮಟ್ಟ ಇಳಿಸಿ ಅಂಥ ಗೆಲುವು ತರಬೇಕೆಂದು ಸ್ಟ್ಯಾನ್‌ಫರ್ಡ್‌ಗೆ ಯಾರೂ ಹೇಳಬೇಕಿಲ್ಲ, ಹೇಳಲೂಬಾರದು. ಆದರೆ ಓದಿನಲ್ಲೂ ಗಟ್ಟಿಯಿರುವ ಹುಡುಗ ಬೇರೆ ಕಾಲೇಜಿನಿಂದ ಬರಲು ಕೇಳಿದಾಗ ಅಡ್ಮಿಷನ್ ಕಚೇರಿ ಸಮಯಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಪ್ರಿಚರ್ಡ್‌ಗೆ ಕನಿಷ್ಠ ನಾಲ್ಕು ವರ್ಷ, ಅಂದರೆ ಅವರೇ ಕರೆತಂದ ಮೊದಲ ತಂಡ ಪದವಿ ಪಡೆಯುವವರೆಗಿನ ಕಾಲ, ಸೋಲು ಗೆಲುವಿನ ಲೆಕ್ಕ ಕೇಳದೆ ಕೊಡಬೇಕು. ಇವೆರಡನ್ನೂ ಕೊಡಲಾಗದಿದ್ದರೆ ಎಷ್ಟು ಒಳ್ಳೆಯ ಕೋಚ್ ಬಂದರೂ ಸ್ಟ್ಯಾನ್‌ಫರ್ಡ್ ಮತ್ತೆ ಮೂರು ವರ್ಷಕ್ಕೆ ಹೊಸಬರನ್ನು ಹುಡುಕಬೇಕಾಗುತ್ತದೆ.