ಒಂದು ದಿನದ ಟಿಕೆಟ್ಟು, ಯಾವ ಕಾಲಕ್ಕೆ?

ಕಾಲಯಂತ್ರವೊಂದು ನಿಮ್ಮ ಮನೆಯ ಗೇಟಿನ ಮುಂದೆ ಬಂದು ನಿಂತಿದೆ ಎಂದುಕೊಳ್ಳಿ. ಹೆಚ್ಚುಕಡಿಮೆ ಆಟೋದಷ್ಟೇ ದೊಡ್ಡದು. ಮೀಟರ್ ಇಲ್ಲ, ಚೌಕಾಸಿ ಬೇಡ. ಆದರೆ ಮೂರು ಷರತ್ತುಗಳಿವೆ. ಒಂದೇ ಸಲ ಹೋಗಬಹುದು. ಒಂದೇ ದಿನ ಇರಬಹುದು. ಅಲ್ಲಿ ಏನನ್ನೂ ಬದಲಾಯಿಸುವಂತಿಲ್ಲ, ನೋಡಿಕೊಂಡು, ಕೇಳಿಸಿಕೊಂಡು ಬರಬೇಕು ಅಷ್ಟೆ. ಹಿಂದಕ್ಕಾದರೂ ಸರಿ, ಮುಂದಕ್ಕಾದರೂ ಸರಿ. ನೀವು ಎಲ್ಲಿಗೆ ಹೋಗುತ್ತೀರಿ? ಯಾವ ಕಾಲಕ್ಕೆ?

ಈ ಬೇಸಿಗೆ ರಜೆಯಲ್ಲಿ ನಾನು ಸಿಕ್ಕಸಿಕ್ಕವರಿಗೆಲ್ಲ ಈ ಪ್ರಶ್ನೆ ಕೇಳಿದೆ. ಮಕ್ಕಳಿಗೆ, ತಮ್ಮನಿಗೆ, ನಮ್ಮ ಅತ್ತೆಗೆ, ಪಕ್ಕದ ಮನೆಯ ಅಜ್ಜನಿಗೆ, ಬೆಳಿಗ್ಗೆ ಹೂ ತರುವ ಅಕ್ಕನಿಗೆ. ಒಬ್ಬರಾದರೂ ‘ಗೊತ್ತಿಲ್ಲಪ್ಪ’ ಎನ್ನಲಿಲ್ಲ. ಎಲ್ಲರ ಬಳಿಯೂ ಉತ್ತರ ಸಿದ್ಧವಾಗಿತ್ತು. ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ!

ಕಾಲಯಂತ್ರದ ಕಲ್ಪನೆಯನ್ನು ಜಗತ್ತಿನಾದ್ಯಂತ ಮನೆಮಾತು ಮಾಡಿದ್ದು ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್. ‘ದಿ ಟೈಮ್ ಮಷೀನ್’ ಎಂಬ ಅವರ ಕಾದಂಬರಿ ಪ್ರಕಟವಾದದ್ದು 1895ರಲ್ಲಿ. ಅದಕ್ಕೂ ಬಹಳ ಹಿಂದೆಯೇ ನಮ್ಮ ಪುರಾಣಗಳಲ್ಲಿ ರೈವತ ರಾಜನ ಕಥೆ ಇತ್ತು. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವನು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆಯುತ್ತಿತ್ತು. ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಕೇಳಿದರೆ ಬ್ರಹ್ಮ ನಕ್ಕುಬಿಟ್ಟ. “ನೀನು ಮನಸ್ಸಿನಲ್ಲಿಟ್ಟುಕೊಂಡು ಬಂದ ವರಗಳು ಯಾರೂ ಈಗ ಭೂಮಿಯ ಮೇಲಿಲ್ಲ. ಅಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿವೆ” ಎಂದ. ಕೊನೆಗೆ ರೇವತಿಯ ಮದುವೆ ಬಲರಾಮನೊಂದಿಗೆ ಆಯಿತು. ಒಂದು ಕಛೇರಿ ಕೇಳಿ ಬರುವಷ್ಟರಲ್ಲಿ ಯುಗಗಳೇ ಉರುಳಿದ್ದವು!

ಡೈನೋಸಾರ್ ಮತ್ತು ಜೋಳದ ರೊಟ್ಟಿ

ಎಂಟೂವರೆ ವರ್ಷದ ನಮ್ಮ ಮಗನ ಉತ್ತರ ನೀವು ಊಹಿಸಿದ್ದೇ. “ಡೈನೋಸಾರ್ ನೋಡೋಕೆ!”

ಹೋದರೆ ಅವನಿಗೆ ಸಿಗುವ ಭಾರತ ಈಗಿನದ್ದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ಈ ನೆಲ ಏಷ್ಯಾ ಖಂಡಕ್ಕೆ ಇನ್ನೂ ಅಂಟಿಕೊಂಡಿರಲಿಲ್ಲ. ಸಮುದ್ರದ ನಡುವೆ ದೊಡ್ಡ ದ್ವೀಪದಂತೆ ಉತ್ತರಕ್ಕೆ ಸರಿಯುತ್ತಿತ್ತು. ಹಿಮಾಲಯ ಹುಟ್ಟಿರಲಿಲ್ಲ. ನರ್ಮದಾ ನದಿಯ ಸುತ್ತಮುತ್ತಲ ಪ್ರದೇಶದಲ್ಲಿ ಡೈನೋಸಾರ್‌ಗಳಿದ್ದವು, ಗುಜರಾತಿನಲ್ಲಿ ಅವುಗಳ ಮೊಟ್ಟೆಗಳ ಪಳೆಯುಳಿಕೆಗಳು ಇಂದಿಗೂ ಸಿಕ್ಕಿವೆ. ಅದೇ ಕಾಲದಲ್ಲಿ ದಖ್ಖನ್ನಿನ ನೆಲ ಬಿರುಕು ಬಿಟ್ಟು ಲಾವಾರಸ ಪದರ ಪದರವಾಗಿ ಹರಿಯಿತು. ಅದು ತಣ್ಣಗಾಗಿ ಕಲ್ಲಾಯಿತು, ಕಲ್ಲು ಸವೆದು ಕಪ್ಪು ಮಣ್ಣಾಯಿತು. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿ ಹುಟ್ಟಿದ್ದು ಹಾಗೆ.

“ಅಂದ್ರೆ ನಾವು ತಿನ್ನೋ ಜೋಳದ ರೊಟ್ಟಿ ಡೈನೋಸಾರ್ ಕಾಲದ ಮಣ್ಣಿಂದಾ?” ಎಂದು ಕೇಳಿದ. ಹೌದು ಎಂದೆ. ಅಂದಿನಿಂದ ರೊಟ್ಟಿಗೆ ಅವನ ತಕರಾರಿಲ್ಲ.

ಹೈಸ್ಕೂಲಿನ ಮಗಳದು ಬೇರೆ ಲೆಕ್ಕ. “ಮುಂದಿನ ಮಾರ್ಚ್‌ಗೆ ಹೋಗ್ತೀನಿ. ಪ್ರಶ್ನೆಪತ್ರಿಕೆ ನೋಡ್ಕೊಂಡು ಬರ್ತೀನಿ. ಬದಲಾಯಿಸೋದಿಲ್ಲ ಅಮ್ಮಾ, ಬರೀ ನೋಡೋದು!”

ಕಾಫಿ ಇಲ್ಲದ ಬೇಲೂರು

ನನ್ನ ತಮ್ಮನಿಗೆ ಇತಿಹಾಸದ ಹುಚ್ಚು. ಅವನು 1117ರ ಬೇಲೂರಿಗೆ ಹೋಗುತ್ತಾನಂತೆ. ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ ವರ್ಷ ಅದು. “ರಾಜನನ್ನು ನೋಡೋಕಲ್ಲ ಅಕ್ಕ, ದಾಸೋಜನನ್ನು ನೋಡೋಕೆ” ಎಂದ. ದಾಸೋಜ ನಮ್ಮ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಶಿಲ್ಪಿ. ಅವನ ಮಗ ಚಾವಣನೂ ಶಿಲ್ಪಿಯೇ. ಅಪ್ಪ ಮಗ ಇಬ್ಬರೂ ಬೇಲೂರಿನಲ್ಲಿ ಕೆತ್ತಿದ ಶಿಲ್ಪಗಳ ಮೇಲೆ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಅಪ್ಪ ಮಗನಿಗೆ ಉಳಿ ಹಿಡಿಯುವುದನ್ನು ಹೇಗೆ ಹೇಳಿಕೊಟ್ಟ, ತಪ್ಪಿದಾಗ ಹೇಗೆ ಬೈದ, ಅದನ್ನು ಅವನಿಗೆ ನೋಡಬೇಕಂತೆ.

“ಊಟಕ್ಕೆ ಏನು ಮಾಡ್ತೀಯ?” ಎಂದೆ. ಏಕೆಂದರೆ ಆ ಬೇಲೂರಿನಲ್ಲಿ ಸಾರಿಗೆ ಟೊಮೆಟೊ ಇಲ್ಲ, ಪಲ್ಯಕ್ಕೆ ಆಲೂಗಡ್ಡೆ ಇಲ್ಲ, ಚಟ್ನಿಗೆ ಕಡಲೆಕಾಯಿ ಇಲ್ಲ, ಒಗ್ಗರಣೆಗೆ ಮೆಣಸಿನಕಾಯಿ ಇಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದದ್ದು ಕೊಲಂಬಸ್ 1492ರಲ್ಲಿ ಅತ್ತ ಹೋದ ಮೇಲೆ. ಅಲ್ಲಿಯವರೆಗೆ ನಮ್ಮ ಅಡುಗೆಯ ಖಾರಕ್ಕೆ ಹೆಚ್ಚಾಗಿ ಕರಿಮೆಣಸೇ ಗತಿ. ಹೊಸ ಕಾಯಿ ಬಂದಾಗ ನಮ್ಮವರು ಅದಕ್ಕೂ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಬಾಬಾಬುಡನ್ ಕಾಫಿ ಬೀಜ ತಂದರು ಎಂಬ ಕಥೆಯೂ ಬೇಲೂರಿನ ಕಾಲಕ್ಕಿಂತ ನೂರಾರು ವರ್ಷ ಈಚಿನದು.

“ಕಾಫಿಯೂ ಇಲ್ವಾ?” ತಮ್ಮ ಒಂದು ಕ್ಷಣ ಯೋಚಿಸಿದ. “ಒಂದೇ ದಿನ ತಾನೇ? ನಡೆಯುತ್ತೆ ಬಿಡು.”

ನೀರಿನ ಕೆಳಗಿನ ಊರು

ಪಕ್ಕದ ಮನೆಯ ಅಜ್ಜನಿಗೆ ಎಪ್ಪತ್ತು ದಾಟಿದೆ. ಅವರು ಕೇಳಿದ್ದು ಸಾವಿರ ವರ್ಷವನ್ನಲ್ಲ, ಬರೀ ಅರವತ್ತು ಚಿಲ್ಲರೆ ವರ್ಷ. ಅವರ ಊರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸುತ್ತಲಿನ ಎಷ್ಟೋ ಊರುಗಳ ಜೊತೆ ಅದೂ ಮುಳುಗಿತು.

“ಶಾಲೆಯಿಂದ ಮನೆಗೆ ಬರೋ ದಾರಿ ಒಂದಿತ್ತು. ಒಂದು ಸಂಕ, ಅದು ದಾಟಿದ ಕೂಡಲೇ ನಮ್ಮ ಅಡಿಕೆ ತೋಟ, ಆಮೇಲೆ ಅಂಗಳ. ಆ ದಾರಿಯಲ್ಲಿ ಒಂದ್ಸಲ ನಡೆದು ಬಂದ್ರೆ ಸಾಕು” ಎಂದರು. ಆಮೇಲೆ ತಾವೇ ಸೇರಿಸಿದರು. “ಹಂಪಿಗೆ ಹೋಗ್ಬೇಕು ಅಂದ್ರೆ ಬಸ್ಸಿದೆ. ಪ್ಯಾರಿಸ್ಸಿಗೆ ವಿಮಾನ ಇದೆ. ನಮ್ಮನೆಗೆ ಹೋಗ್ಲಿಕ್ಕೆ ಮಾತ್ರ ನಿನ್ನ ಆ ಯಂತ್ರವೇ ಬೇಕು ನೋಡು.”

ಆ ನೀರಿನಿಂದ ಬಂದ ವಿದ್ಯುತ್ತು ರಾಜ್ಯದ ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದೆ. ನಮ್ಮ ಮಕ್ಕಳು ಆ ಬೆಳಕಿನಲ್ಲೇ ಓದಿದ್ದಾರೆ. ಅಜ್ಜನಿಗೂ ಅದು ಗೊತ್ತು. ಆದರೂ ಆ ಸಂಕ ನೆನಪಾಗುತ್ತದೆ. ಮಳೆ ಕೈಕೊಟ್ಟ ವರ್ಷ ಹಿನ್ನೀರು ಇಳಿದಾಗ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಮುಳುಗಿದಲ್ಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ನೋಡಲು ಹೋಗುತ್ತಾರೆ. ಅಜ್ಜನೂ ಹೋಗುತ್ತಾರೆ. ಅವರು ನೋಡುವುದು ಅಣೆಕಟ್ಟನ್ನಲ್ಲ, ಅದರಾಚೆಯ ನೀರನ್ನು.

ಹೂವಿನ ಅಕ್ಕನ ಉತ್ತರ

ಹೂವಿನ ಅಕ್ಕ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಜನ ಬೇಕಿತ್ತು. ಆ ನಾಲ್ಕನೇ ತರಗತಿಗೆ ಹೋಗಬೇಕು ಅನ್ನುತ್ತಾರೇನೋ ಎಂದು ನಾನು ಕಾದೆ. ಅವರು ಮೊಳ ಹಾಕುತ್ತಲೇ ಕೇಳಿದರು, “ಬದಲಾಯ್ಸೋ ಹಂಗಿಲ್ಲ ಅಂದ್ಮೇಲೆ ನಾನ್ಯಾಕಕ್ಕ ಅಲ್ಲಿಗೆ ಹೋಗ್ಲಿ? ಹಿಂದಕ್ಕೆ ಬ್ಯಾಡ. ನನ್ನ ಮುಂದಕ್ಕೆ ಕಳ್ಸು. ಮಗಳು ನರ್ಸಿಂಗ್ ಓದ್ತವ್ಳೆ. ಅವ್ಳು ಡ್ಯೂಟಿಗೆ ಹೋಗೋ ಮೊದಲ್ನೇ ದಿವ್ಸ ನೋಡ್ಬೇಕು.”

ಇದನ್ನು ಕೇಳಿದ ಮೇಲೆ ‘ಹಿಂದಿನ ಕಾಲವೇ ಚೆಂದ’ ಎಂಬ ಮಾತು ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಓದು ಇರಲಿಲ್ಲ. ಸಿಡುಬು ಊರೂರನ್ನೇ ಬರಿದು ಮಾಡುತ್ತಿತ್ತು. ಲಸಿಕೆ ಹಾಕಿ ಹಾಕಿ ಅದನ್ನು ಜಗತ್ತಿನಿಂದಲೇ ತೊಲಗಿಸಲಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಹಿಂದಿನ ಯಾವ ಕಾಲ ಚೆಂದ ಎನ್ನುವುದು, ಅಲ್ಲಿ ನೀವು ಯಾರಾಗಿ ಇಳಿಯುತ್ತೀರಿ ಎನ್ನುವುದರ ಮೇಲಿದೆ.

ನಿಜವಾಗಿ ಹೋಗಬಹುದೇ?

ಮಕ್ಕಳು ಕೊನೆಗೆ ಕೇಳುವ ಪ್ರಶ್ನೆ ಇದು. ಮುಂದಕ್ಕೆ, ಸ್ವಲ್ಪ ಹೋಗಬಹುದು. ಐನ್‌ಸ್ಟೈನ್ ತೋರಿಸಿಕೊಟ್ಟಂತೆ, ವೇಗವಾಗಿ ಓಡುವ ಗಡಿಯಾರ ನಿಧಾನವಾಗುತ್ತದೆ. ಭೂಮಿಯ ಸೆಳೆತ ಕಡಿಮೆ ಇರುವಲ್ಲಿ ಗಡಿಯಾರ ಬೇಗ ಓಡುತ್ತದೆ. ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಮೇಲೆ ಈ ಎರಡೂ ಕೆಲಸ ಮಾಡುತ್ತವೆ. ಕೂಡಿ ಕಳೆದರೆ ಅವುಗಳ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು, ಅಷ್ಟೆ. ಇಷ್ಟನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಮ್ಯಾಪು ಕಿಲೋಮೀಟರುಗಟ್ಟಲೆ ದಾರಿ ತಪ್ಪಿಸುತ್ತದೆ.

ಹಿಂದಕ್ಕೆ ಹೋಗುವ ದಾರಿ ಮಾತ್ರ ಯಾರಿಗೂ ಸಿಕ್ಕಿಲ್ಲ. ಹಿಂದೆ ಹೋಗಿ ನಿಮ್ಮ ಅಜ್ಜ ಅಜ್ಜಿಯ ಮದುವೆಯನ್ನೇ ತಪ್ಪಿಸಿಬಿಟ್ಟರೆ ನೀವು ಹುಟ್ಟುವುದೇ ಇಲ್ಲ. ಹುಟ್ಟದವರು ಹಿಂದಕ್ಕೆ ಹೋಗಿದ್ದಾದರೂ ಹೇಗೆ? ಈ ಒಗಟು ಇನ್ನೂ ಬಿಡಿಸಿಲ್ಲ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಜ್‌ನಲ್ಲಿ ಕಾಲಯಾತ್ರಿಕರಿಗೆಂದೇ ಒಂದು ಔತಣ ಇಟ್ಟುಕೊಂಡಿದ್ದರು. ಆಹ್ವಾನ ಪತ್ರಿಕೆಯನ್ನು ಹೊರಗೆ ಬಿಟ್ಟದ್ದು ಔತಣ ಮುಗಿದ ಮೇಲೆ! ಮುಂದೆ ಎಂದಾದರೂ ಕಾಲಯಂತ್ರ ಸಿದ್ಧವಾದರೆ, ಆಹ್ವಾನ ಓದಿದವರು ಹಿಂದಕ್ಕೆ ಬಂದು ಊಟಕ್ಕೆ ಕೂರಬೇಕಿತ್ತಲ್ಲ? ಯಾರೂ ಬರಲಿಲ್ಲ.

ಆದರೆ ಹಿಂದಿನ ಕಾಲವನ್ನು ನೋಡುವುದಕ್ಕೆ ಯಂತ್ರ ಬೇಕಿಲ್ಲ, ತಲೆ ಎತ್ತಿದರೆ ಸಾಕು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಿದ್ದರೂ ಸೂರ್ಯನಿಂದ ನಮ್ಮನ್ನು ಮುಟ್ಟಲು ಅದಕ್ಕೆ ಎಂಟು ನಿಮಿಷ ದಾಟುತ್ತದೆ. ನಕ್ಷತ್ರಗಳಿಂದ ಬರಲು ವರ್ಷಗಳೇ ಬೇಕು. ಲುಬ್ಧಕದ ಬೆಳಕಿಗೆ ಎಂಟೂವರೆ ವರ್ಷ, ಶ್ರವಣದ್ದಕ್ಕೆ ಸುಮಾರು 17, ಅಭಿಜಿತ್‌ಗೆ 25, ಸ್ವಾತಿಗೆ 37, ರೋಹಿಣಿಗೆ 65, ಮಘಾ ನಕ್ಷತ್ರಕ್ಕೆ ಸುಮಾರು 79 ವರ್ಷ.

ಅತ್ತೆಯ ನಕ್ಷತ್ರ

ನಮ್ಮ ಅತ್ತೆಗೆ ಈಗ 79. ಅವರು ಕೊಟ್ಟ ಉತ್ತರ ಎಲ್ಲರದ್ದಕ್ಕಿಂತ ಚಿಕ್ಕದು. “ನಮ್ಮಮ್ಮ ಹಿತ್ತಲ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸ್ತಾ ಹಾಡಿಕೊಳ್ತಿದ್ಲು. ಅಲ್ಲಿ ಹೋಗಿ ಪಕ್ಕದಲ್ಲಿ ಕೂರ್ತೀನಿ.”

ಅವರ ಅಮ್ಮ ತೀರಿಕೊಂಡಾಗ ಅತ್ತೆಗೆ ಹನ್ನೊಂದು ವರ್ಷ. ಒಂದು ಫೋಟೊ ಕೂಡ ಇಲ್ಲ. “ಮುಖ ನೆನಪಿದೆ, ಸೀರೆ ನೆನಪಿದೆ. ಹಾಡಿನ ಧಾಟಿಯೂ ನೆನಪಿದೆ. ದನಿ ಮಾತ್ರ ಹೋಗಿಬಿಟ್ಟಿದೆ ಕಣೇ. ಎಷ್ಟು ಯೋಚನೆ ಮಾಡಿದ್ರೂ ಬರಲ್ಲ” ಎಂದರು. ಪ್ರಶ್ನೆಪತ್ರಿಕೆ ನೋಡಲು ಹೊರಟಿದ್ದ ಮಗಳು ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ಎದ್ದು ಹೋಗಿ ನನ್ನ ಫೋನ್ ತಂದು ಅಜ್ಜಿಯ ಮುಂದಿಟ್ಟಳು. “ಅಜ್ಜೀ, ಆ ಧಾಟಿ ಹಾಡು. ರೆಕಾರ್ಡ್ ಮಾಡ್ಕೊಳ್ತೀನಿ.” ಅತ್ತೆ ನಾಚಿಕೊಂಡೇ ಹಾಡಿದರು.

ಏಪ್ರಿಲ್‌ನ ಒಂದು ರಾತ್ರಿ ಕರೆಂಟು ಹೋದಾಗ ಎಲ್ಲರೂ ತಾರಸಿಗೆ ಹತ್ತಿದೆವು. ಪಶ್ಚಿಮದ ಕಡೆ ಮಗನ ಲುಬ್ಧಕ ಹೊಳೆಯುತ್ತಿತ್ತು. ಅವನು ಹುಟ್ಟಿದ ಕಾಲಕ್ಕೆ ಹೊರಟ ಬೆಳಕು ಈಗ ಅವನ ಕಣ್ಣು ಮುಟ್ಟುತ್ತಿದೆ ಎಂದೆ. ನೆತ್ತಿಯ ಮೇಲೆ ಮಘಾ ಇತ್ತು. ಅದನ್ನು ಅತ್ತೆಗೆ ತೋರಿಸಿದೆ. ಅವರು ಕತ್ತು ಮೇಲೆತ್ತಿ ಬಹಳ ಹೊತ್ತು ನೋಡಿದರು. “ನಮ್ಮಮ್ಮ ನನ್ನ ಹೆತ್ತ ವರ್ಷ ಹೊರಟಿದ್ದಾ ಇದು? ಹಾಗಾದ್ರೆ ಇದು ಹೊರಟಾಗ ಅವಳು ಇದ್ಲು” ಎಂದರು. ಮಗ ಅಜ್ಜಿಯ ಕೈ ಹಿಡಿದುಕೊಂಡ.

ನೀವೂ ಮಾಡಿ ನೋಡಿ. ಚಳಿಗಾಲದ ಸಂಜೆಗಳಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಹುಡುಕಿ. ಆ ಗೆರೆಯನ್ನು ಒಂದು ಕಡೆ ಉದ್ದ ಮಾಡಿದರೆ ಲುಬ್ಧಕ, ಇನ್ನೊಂದು ಕಡೆಗೆ ರೋಹಿಣಿ. ಬೇಸಿಗೆಯಲ್ಲಿ ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಹಿಡಿದು ಮುಂದೆ ಹೋದರೆ ಸ್ವಾತಿ. ಮಳೆಗಾಲ ಕಳೆದ ಮೇಲೆ ಸಂಜೆಗೆ ಅಭಿಜಿತ್, ಶ್ರವಣ. ಮನೆಯವರ ವಯಸ್ಸಿಗೆ ಹತ್ತಿರದ ನಕ್ಷತ್ರವನ್ನು ಅವರವರಿಗೆ ಹಂಚಿಬಿಡಿ. ಹಂಚುವಾಗ ಕಾಲಯಂತ್ರದ ಪ್ರಶ್ನೆಯನ್ನೂ ಕೇಳಿ. ಉತ್ತರವನ್ನು ಮಕ್ಕಳು ಬರೆದುಕೊಳ್ಳಲಿ, ಇಲ್ಲವೇ ಫೋನಿನಲ್ಲಿ ಹಿಡಿದಿಡಲಿ.

ಮೋಡ ಕವಿದು ನಕ್ಷತ್ರ ಕಾಣದಿದ್ದರೆ? ಅಂದು ಅಜ್ಜಿಯ ಪಕ್ಕದಲ್ಲಿ ಕೂತರಾಯಿತು. ಆ ಕಾಲದಲ್ಲಿ ಇದ್ದು ಬಂದವರು ಅವರೇ ತಾನೇ?