ಹಾರುವ ಅಳಿಲು ಮತ್ತು ಕೋಲಾರದ ಬಾವಲಿ: ಸಂರಕ್ಷಣಾ ಸ್ಥಿತಿಯ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ಮಾರಿಕುಪ್ಪಂನ ಒಂದು ಶಾಲೆಯಲ್ಲಿ ಎಂಟನೇ ತರಗತಿ ಸಿಕ್ಕಿತ್ತು. ಘಟಕ: ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ. ಪಠ್ಯದಲ್ಲಿ ಮಧ್ಯಪ್ರದೇಶದ ಪಚ್‌ಮಡಿಯ ಪ್ರಾಣಿಯಾಗಿ ಹಾರುವ ಅಳಿಲಿನ ಹೆಸರಿದೆ. ನಾನು ಅದರ ಚಿತ್ರಪಟ ಬರೆದುಕೊಂಡು ಹೋಗಿದ್ದೆ.

ಮೊದಲು ಹಾರಾಟದ ವಿಷಯ ವಿವರಿಸಿದೆ. ಈ ಅಳಿಲಿಗೆ ರೆಕ್ಕೆಯಿಲ್ಲ. ಮುಂಗಾಲು ಹಿಂಗಾಲುಗಳ ನಡುವಿನ ಚರ್ಮವನ್ನು ಹರಡಿಕೊಂಡು ಎತ್ತರದ ಮರದಿಂದ ಇನ್ನೊಂದು ಮರಕ್ಕೆ ತೇಲಿ ಇಳಿಯುತ್ತದೆ. ಮಲೆನಾಡಿನಲ್ಲಿ ಇದನ್ನು ಹಾರುಬೆಕ್ಕು ಎನ್ನುತ್ತಾರೆ. ಹಗಲು ಮರದ ಪೊಟರೆಯಲ್ಲಿ ಮಲಗಿ, ರಾತ್ರಿ ಹಣ್ಣು, ಎಲೆ, ತೊಗಟೆ ತಿನ್ನುತ್ತದೆ. ಹಳೆಯ ಮರ ಕಡಿದರೆ ಮನೆ ಹೋಗುತ್ತದೆ. ಮರಗಳ ನಡುವಿನ ಅಂತರ ಹೆಚ್ಚಿದರೆ ದಾರಿಯೂ ಹೋಗುತ್ತದೆ.

ಆಗ ಒಬ್ಬ ಹುಡುಗಿ, "ಮಿಸ್, ನಮ್ಮ ಕಡೆ ಇಂಥದ್ದೇನೂ ಇಲ್ಲ ಅಲ್ವಾ? ಇಲ್ಲಿರೋದು ಸೈನೈಡ್ ಗುಡ್ಡ ಮಾತ್ರ" ಎಂದಳು. ತರಗತಿಯೆಲ್ಲ ನಕ್ಕಿತು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದೆ. ಎಡಕ್ಕೆ ದೊಡ್ಡ ಹಾರುವ ಅಳಿಲು: ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಇದೆ. ಬೇಟೆ ಮತ್ತು ಕಾಡುನಾಶದ ಕಾಟವಿದ್ದರೂ, ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು 'ಕಡಿಮೆ ಆತಂಕ'ದ ವರ್ಗದಲ್ಲಿದೆ. ಅದರ ಚಿಕ್ಕ ಸಂಬಂಧಿ ತಿರುವಾಂಕೂರು ಹಾರುವ ಅಳಿಲು 'ಅಪಾಯಕ್ಕೆ ಸಮೀಪ'.

ಬಲಕ್ಕೆ ಕೋಲಾರದ ಎಲೆಮೂಗಿನ ಬಾವಲಿ: 1994ರಲ್ಲಿ ವಿಜ್ಞಾನಿಗಳು ಹೆಸರಿಸಿದ ಪ್ರಭೇದ. ಇದು ತೇಲುವುದಿಲ್ಲ, ನಿಜವಾಗಿಯೇ ಹಾರುತ್ತದೆ, ಕೀಟ ತಿನ್ನುತ್ತದೆ. ಈಗ ತಿಳಿದಿರುವಂತೆ ಇಡೀ ಜಗತ್ತಿನಲ್ಲಿ ಇದರ ನೆಲೆ ನಮ್ಮದೇ ಜಿಲ್ಲೆಯ ಹನುಮನಹಳ್ಳಿಯ ಒಂದು ಬಂಡೆಗುಹೆ. ಸಂಖ್ಯೆ ಸುಮಾರು 200. ವರ್ಗ: 'ತೀವ್ರ ಅಪಾಯ'. ಮುಖ್ಯ ಕಾರಣ, ಗ್ರಾನೈಟ್ ಗಣಿಗಾರಿಕೆ.

ಒಂದೇ ಪ್ರದೇಶಕ್ಕೆ ಸೀಮಿತವಾದ ಜೀವಿಯೇ ಸ್ಥಳೀಯ ಪ್ರಭೇದ ಎಂಬ ವ್ಯಾಖ್ಯೆಯನ್ನು ಆಮೇಲೆ ನಾನು ಬರೆಸಬೇಕಾಗಲಿಲ್ಲ, ಮಕ್ಕಳೇ ಹೇಳಿದರು.

ಹಿಂದಿನ ಸಾಲಿನ ಹುಡುಗ ಮಾತ್ರ ಸುಮ್ಮನಿದ್ದ. ಕೊನೆಗೆ, "ನಮ್ಮಪ್ಪ ಕಲ್ಲು ಕ್ವಾರಿಗೇ ಹೋಗೋದು ಮಿಸ್. ಬಾವಲಿಗೋಸ್ಕರ ಕೆಲಸ ಬಿಡಬೇಕಾ?" ಎಂದು ಕೇಳಿದ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಊರು ಇದು. ಕೆಲಸ ಹೋಗುವುದೆಂದರೇನು ಎಂದು ನಾನು ಆ ಮಕ್ಕಳಿಗೆ ಹೇಳಬೇಕಾಗಿಲ್ಲ. "ಎಲ್ಲ ಬಂಡೆಯನ್ನೂ ಬಿಡಿ ಅಂತ ಯಾರೂ ಕೇಳ್ತಿಲ್ಲಪ್ಪ. ಜಿಲ್ಲೆಯಲ್ಲಿ ಬಂಡೆ ಬೇಕಾದಷ್ಟಿವೆ, ಬಾವಲಿಗೆ ಇರೋದು ಅದೊಂದೇ" ಎಂದೆ. ಅವನು ತಲೆಯಾಡಿಸಿದ. ಪೂರ್ತಿ ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಅದು ನ್ಯಾಯವಾದ ಪ್ರಶ್ನೆ. ಒಂದು ಅವಧಿಯಲ್ಲಿ ಮುಗಿಯುವುದಲ್ಲ.

ಸಮಯ ಮೀರಿತೆಂದು ಮೇಲ್ವಿಚಾರಕರು ಟಿಪ್ಪಣಿ ಬರೆದರು, ಅದು ಸರಿಯೇ. ಈ ಘಟಕ ಬೋಧಿಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಸಲಹೆ ಒಂದೇ: ಪಠ್ಯದ ಉದಾಹರಣೆಯ ಪಕ್ಕದಲ್ಲಿ ನಿಮ್ಮ ಜಿಲ್ಲೆಯ ಒಂದು ಜೀವಿಯನ್ನು ಇಡಿ. ಬಾವಲಿಯನ್ನು ಆರಿಸಿಕೊಂಡರೆ, ಗುಹೆಗೆ ಮಕ್ಕಳನ್ನು ಕರೆದೊಯ್ಯಬೇಡಿ, ಚಿತ್ರವೇ ಸಾಕು.